ಕಮ್ಮಟಕ್ಕೆ ಯಾವ ಕತೆ ಒಯ್ಯಬೇಕು, ಅಲ್ಲಿಂದ ಏನು ತರಬೇಕು

ಪ್ರಶ್ನೆ: ಮೂರು ವರ್ಷದಿಂದ ಕತೆ ಬರೆಯುತ್ತಿದ್ದೇನೆ, ನಾಲ್ಕೈದು ಪ್ರಕಟವೂ ಆಗಿವೆ. ಎರಡು ವಿಚಾರ ಸಂಕಿರಣಗಳಿಗೆ, ಎರಡು ದಿನಗಳ ಒಂದು ಕಮ್ಮಟಕ್ಕೆ ಹೋಗಿಬಂದೆ. ಬಂದ ವಾರವೆಲ್ಲ ಹುರುಪು, ಆಮೇಲೆ ಬರವಣಿಗೆ ಮೊದಲಿನಂತೆಯೇ. ಕಮ್ಮಟದಲ್ಲಿ ನನ್ನ ಕತೆಗೆ ಒಬ್ಬೊಬ್ಬರು ಒಂದೊಂದು ಸಲಹೆ ಕೊಟ್ಟರು. ಎಲ್ಲರ ಮಾತನ್ನೂ ಕೇಳಿ ತಿದ್ದಿದ ಮೇಲೆ ಕತೆ ಇನ್ನಷ್ಟು ಕೆಟ್ಟಿತು. ಈಗ ಐದು ದಿನಗಳ ಇನ್ನೊಂದು ಕಮ್ಮಟಕ್ಕೆ ಆಯ್ಕೆಯಾಗಿದ್ದೇನೆ. ಹೋಗಬೇಕೆ? ಹೋದರೆ ಹೇಗೆ ತಯಾರಾಗಬೇಕು?

ಉತ್ತರ: ಹೋಗಿ. ಆದರೆ ಈ ಸಲ ಸಲಹೆ ಕೇಳಿಕೊಂಡು ಬರಲು ಹೋಗಬೇಡಿ. ಓದುಗರು ನಿಮ್ಮ ಕತೆಯಲ್ಲಿ ಎಲ್ಲೆಲ್ಲಿ ಎಡವಿದರು ಎಂಬುದನ್ನು ಗುರುತು ಹಾಕಿಕೊಂಡು ಬನ್ನಿ. ಎಡವಿದ ಜಾಗ ತೋರಿಸುವಾಗ ಓದುಗರು ಸಾಮಾನ್ಯವಾಗಿ ತಪ್ಪುವುದಿಲ್ಲ. ಅದಕ್ಕೆ ಮದ್ದು ಹೇಳುವಾಗ ಬಹಳ ಸಲ ತಪ್ಪುತ್ತಾರೆ, ಏಕೆಂದರೆ ಅವರು ಹೇಳುವ ಮದ್ದು ಅವರೇ ಬರೆದಿದ್ದರೆ ಆಗುತ್ತಿದ್ದ ಕತೆಗೆ ಸಂಬಂಧಿಸಿದ್ದು. ಹಿಂದಿನ ಸಲ ನೀವು ಹತ್ತು ಮದ್ದುಗಳನ್ನು ಒಂದೇ ಲೋಟಕ್ಕೆ ಹಾಕಿ ಕುಡಿಸಿದಿರಿ. ಕತೆ ಕೆಟ್ಟದ್ದು ಅದರಿಂದ.

ಮೊದಲು ಎರಡು ಸಂಗತಿಗಳನ್ನು ಬೇರ್ಪಡಿಸೋಣ. ವಿಚಾರ ಸಂಕಿರಣ ನಿಮ್ಮನ್ನು ಓದುಗರಾಗಿ ಬೆಳೆಸುತ್ತದೆ. ಅಲ್ಲಿ ಯಾರೂ ನಿಮ್ಮ ಹಸ್ತಪ್ರತಿ ಮುಟ್ಟುವುದಿಲ್ಲ, ಆದ್ದರಿಂದ ಅಲ್ಲಿಂದ ಬಂದ ಮೇಲೆ ನಿಮ್ಮ ಕತೆ ತಾನಾಗಿ ಸುಧಾರಿಸಲಿಲ್ಲ ಎಂದು ಬೇಸರಪಡಬೇಕಿಲ್ಲ. ಕಮ್ಮಟದಲ್ಲಿ ಮೇಜಿನ ಮೇಲಿರುವುದು ನಿಮ್ಮದೇ ಬರಹ. ಕಮ್ಮಟಗಳಲ್ಲೂ ಎರಡು ಬಗೆ. ಕೂತಲ್ಲೇ ಅಭ್ಯಾಸ ಕೊಟ್ಟು ಬರೆಸುವುದು ಒಂದು, ಬರೆದು ತಂದದ್ದನ್ನು ಚರ್ಚಿಸುವುದು ಇನ್ನೊಂದು. ಕೈಯಲ್ಲಿ ಏನೂ ಇಲ್ಲದವರಿಗೆ, ಬರವಣಿಗೆ ನಿಂತುಹೋದವರಿಗೆ ಮೊದಲನೆಯದು ಒಳ್ಳೆಯದು. ಕರಡುಗಳಿದ್ದು ಅವು ಮುಂದಕ್ಕೆ ಹೋಗದೆ ನಿಂತಿರುವ ನಿಮ್ಮಂಥವರಿಗೆ ಎರಡನೆಯದು. ಬಹಳಷ್ಟು ಕಮ್ಮಟಗಳು ಎರಡನ್ನೂ ಬೆರೆಸುತ್ತವೆ. ಎಷ್ಟು ಪಾಲು ಯಾವುದಕ್ಕೆ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ.

ಕೇಳಬೇಕಾದ ಪ್ರಶ್ನೆಗಳು ಇನ್ನೂ ಇವೆ. ಎಷ್ಟು ಜನ ಶಿಬಿರಾರ್ಥಿಗಳು? ಹಸ್ತಪ್ರತಿಗಳನ್ನು ಮುಂಚೆಯೇ ಎಲ್ಲರಿಗೂ ಕಳಿಸುತ್ತಾರೋ ಅಥವಾ ಅಲ್ಲೇ ಓದಬೇಕೋ? ಒಂದು ಬರಹಕ್ಕೆ ಎಷ್ಟು ನಿಮಿಷ? ಚರ್ಚೆ ನಡೆಸುವವರು ಇಡೀ ಐದು ದಿನ ಇರುತ್ತಾರೋ, ಒಂದು ಗೋಷ್ಠಿಗೆ ಬಂದು ಹೋಗುತ್ತಾರೋ? ಲೆಕ್ಕ ಹಾಕಿ ನೋಡಿದರೆ ಇವುಗಳ ತೂಕ ಗೊತ್ತಾಗುತ್ತದೆ. ಎರಡು ದಿನ, ದಿನಕ್ಕೆ 6 ಗಂಟೆ ಎಂದರೆ ಒಟ್ಟು 720 ನಿಮಿಷ. ಉದ್ಘಾಟನೆ, ಉಪನ್ಯಾಸ, ಸಮಾರೋಪಕ್ಕೆ ಅರ್ಧ ಹೋದರೆ ಉಳಿಯುವುದು 360. ಮೂವತ್ತು ಜನರಿದ್ದರೆ ತಲಾ 12 ನಿಮಿಷ. 1500 ಪದಗಳ ಕತೆಯನ್ನು ಗಟ್ಟಿಯಾಗಿ ಓದಿ ಮುಗಿಸಲು ಕೂಡ ಅದು ಸಾಲದು. ಅಂಥ ಕಡೆ ಸಿಗುವುದು ‘ಚೆನ್ನಾಗಿದೆ, ಸ್ವಲ್ಪ ಉದ್ದವಾಯಿತು’ ಎಂಬಷ್ಟೇ ಮಾತು, ತಪ್ಪು ಯಾರದ್ದೂ ಅಲ್ಲ. ಹತ್ತು ಜನ, ಐದು ದಿನ, ದಿನಕ್ಕೆ ಮೂರು ಗಂಟೆ ಚರ್ಚೆ ಎಂದರೆ ಒಬ್ಬೊಬ್ಬರಿಗೆ ಒಂದೂವರೆ ಗಂಟೆ ಬರುತ್ತದೆ. ಒಂದು ಕತೆಯನ್ನು ನಿಜವಾಗಿ ಬಿಚ್ಚಿ ನೋಡಲು 40 ನಿಮಿಷವಾದರೂ ಬೇಕು. ನಡೆಸುವವರ ಹೆಸರು ಎಷ್ಟು ದೊಡ್ಡದು ಎನ್ನುವುದಕ್ಕಿಂತ ಈ ಲೆಕ್ಕ ಮುಖ್ಯ.

ಇನ್ನು ಯಾವ ಕತೆ ಒಯ್ಯಬೇಕು. ಹೆಚ್ಚಿನವರು ತಮ್ಮ ಅತ್ಯುತ್ತಮ ಕತೆಯನ್ನು ಒಯ್ಯುತ್ತಾರೆ. ಮನಸ್ಸಿನಲ್ಲಿ ಅದು ಮುಗಿದುಹೋಗಿರುತ್ತದೆ, ಬೇಕಾಗಿರುವುದು ಮೆಚ್ಚುಗೆ ಮಾತ್ರ. ಆದ್ದರಿಂದ ಬಂದ ಪ್ರತಿ ಮಾತಿಗೂ ಮನಸ್ಸು ಅಡ್ಡ ನಿಲ್ಲುತ್ತದೆ. ಕೆಲವರು ಹಿಂದಿನ ರಾತ್ರಿ ಬರೆದ ಹಸಿ ಕರಡು ಒಯ್ಯುತ್ತಾರೆ. ತಮಗೇ ಕಾಣಬಹುದಾಗಿದ್ದ ತಪ್ಪುಗಳನ್ನು ಒಂಬತ್ತು ಜನ ಕೂತು ಹೇಳುವಂತಾಗುತ್ತದೆ, ಆಳದ ತೊಡಕಿನ ತನಕ ಮಾತು ಇಳಿಯುವುದೇ ಇಲ್ಲ. ಸರಿಯಾದ ಕತೆ ಇವೆರಡರ ನಡುವಿನದು. ಎರಡು ಮೂರು ಸಲ ತಿದ್ದಿದ್ದೀರಿ, ಎಲ್ಲೋ ಏನೋ ಕೂರುತ್ತಿಲ್ಲ ಎಂದು ಗೊತ್ತು, ಆದರೆ ಎಲ್ಲಿ ಎಂದು ಗೊತ್ತಿಲ್ಲ. ಅದನ್ನು ಒಯ್ಯಿರಿ. ಉದ್ದ 1500ರಿಂದ 3000 ಪದ. ಕವಿಯಾದರೆ ಮೂರರಿಂದ ಐದು ಕವಿತೆ, ಒಂದನ್ನೇ ಒಯ್ದರೆ ನಿಮ್ಮ ರೂಢಿಗಳು ಕಾಣುವುದಿಲ್ಲ. ಈಗಾಗಲೇ ಪ್ರಕಟಣೆಗೆ ಒಪ್ಪಿತವಾದದ್ದು ಬೇಡ. ಇತ್ತೀಚಿನ ಸಾವು, ಬೇರ್ಪಡುವಿಕೆಯಂಥ ಹಸಿ ಗಾಯದಿಂದ ಎದ್ದ ಬರಹವೂ ಈಗ ಬೇಡ. ‘ಈ ಪಾತ್ರ ನಂಬುವಂತಿಲ್ಲ’ ಎಂದು ಯಾರಾದರೂ ಅಂದಾಗ ಅದನ್ನು ಪಾತ್ರದ ಬಗ್ಗೆ ಆಡಿದ ಮಾತಾಗಿ ಕೇಳುವ ಸ್ಥಿತಿ ನಿಮಗೆ ಇರುವುದಿಲ್ಲ.

ಕಾದಂಬರಿ ಬರೆಯುತ್ತಿರುವವರಿಗೆ ಒಂದು ಎಚ್ಚರಿಕೆ. ಕಮ್ಮಟದ ಓದುಗರು ಅಧ್ಯಾಯವನ್ನೂ ಸಣ್ಣಕತೆಯಂತೆ ಓದುತ್ತಾರೆ, ಕೊನೆಯಲ್ಲಿ ಏನಾದರೂ ಮುಗಿಯಬೇಕೆಂದು ನಿರೀಕ್ಷಿಸುತ್ತಾರೆ. ಅವರನ್ನು ಮೆಚ್ಚಿಸಲು ಪ್ರತಿ ಅಧ್ಯಾಯಕ್ಕೂ ಮುಕ್ತಾಯ ಕೊಡುತ್ತ ಹೋದರೆ ಕಾದಂಬರಿ ಸರಪಳಿಯಾಗದೆ ಮಣಿಗಳ ರಾಶಿಯಾಗುತ್ತದೆ. ಮೊದಲ ಅಧ್ಯಾಯವನ್ನೇ ಕೊಡಿ, ಜೊತೆಗೆ ಒಂದು ಪುಟದ ಸಾರಾಂಶ ಇರಲಿ. ಮೊದಲ ಕರಡು ಓಡುತ್ತಿರುವಾಗಲಂತೂ ಯಾರಿಗೂ ತೋರಿಸದಿರುವುದೇ ಮೇಲು.

ಕಳಿಸುವ ಪ್ರತಿಯಲ್ಲಿ ಪುಟಸಂಖ್ಯೆ, ಸಾಧ್ಯವಾದರೆ ಸಾಲಿನ ಸಂಖ್ಯೆ, ಅಗಲವಾದ ಅಂಚು ಇರಲಿ. ‘ನಾಲ್ಕನೇ ಪುಟ, ಹನ್ನೊಂದನೇ ಸಾಲು’ ಎಂದು ಬೆರಳಿಟ್ಟು ಮಾತಾಡುವುದಕ್ಕೂ ‘ಆ ಮಧ್ಯದಲ್ಲೆಲ್ಲೋ’ ಎನ್ನುವುದಕ್ಕೂ ಬಹಳ ವ್ಯತ್ಯಾಸ. ಹಳೆಯ ನುಡಿ ಅಥವಾ ಬರಹ ಫಾಂಟಿನಲ್ಲಿ ಟೈಪಿಸಿದ್ದರೆ ಯುನಿಕೋಡಿಗೆ ಬದಲಾಯಿಸಿ, ಒತ್ತಕ್ಷರ, ಅರ್ಕಾವೊತ್ತು ಕೆಟ್ಟಿಲ್ಲವೇ ನೋಡಿ, ಪಿಡಿಎಫ್ ಮಾಡಿ ಕಳಿಸಿ. ಫೋನಿನಲ್ಲಿ ತೆರೆದಾಗ ಅಕ್ಷರ ಒಡೆದರೆ ಓದುವವರು ಕತೆಯ ಮೇಲೆಯೇ ಬೇಸರಪಡುತ್ತಾರೆ.

ಜೊತೆಗೆ ಮೂರು ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ. ‘ಹೇಗಿದೆ?’ ಎಂದು ಕೇಳಿದರೆ ಸೌಜನ್ಯದ ಉತ್ತರ ಬರುತ್ತದೆ. ‘ಗುಟ್ಟು ಯಾವ ಪುಟದಲ್ಲಿ ಊಹಿಸಿದಿರಿ?’, ‘ಎಲ್ಲಿ ಕಣ್ಣು ಸಾಲು ಹಾರಿಸಿತು?’, ‘ಜಗಳದಲ್ಲಿ ಯಾರ ಪಕ್ಷ ವಹಿಸಿದಿರಿ?’ ಇಂಥವು ಓದಿನ ಅನುಭವವನ್ನು ಹೊರತರುತ್ತವೆ. ನೀವು ಅಂದುಕೊಂಡ ಉತ್ತರವನ್ನೂ ಮೊದಲೇ ಗುಟ್ಟಾಗಿ ಬರೆದಿಡಿ. ಎರಡನ್ನೂ ಹೋಲಿಸಿದಾಗ ಕಾಣುವ ಅಂತರವೇ ನಿಮಗೆ ಬೇಕಾದ ಪಾಠ.

ಈಗ ಅತಿ ಮುಖ್ಯವಾದ, ಎಲ್ಲರೂ ಕಡೆಗಣಿಸುವ ಕೆಲಸಕ್ಕೆ ಬರೋಣ: ಉಳಿದವರ ಹಸ್ತಪ್ರತಿ ಓದುವುದು. ನಿಮ್ಮ ಕತೆಗೆ ಒಂದೂವರೆ ಗಂಟೆ ಸಿಕ್ಕರೆ, ಬೇರೆಯವರ ಕತೆಗಳ ಚರ್ಚೆಗೆ ಹದಿಮೂರೂವರೆ ಗಂಟೆ ಹೋಗುತ್ತದೆ. ಕಮ್ಮಟದ ಹೆಚ್ಚಿನ ಕಲಿಕೆ ಇರುವುದು ಅಲ್ಲೇ. ನಮ್ಮ ಕತೆ ಓದುವಾಗ ಪುಟದ ಮೇಲೆ ಇಲ್ಲದ್ದನ್ನೂ ನೆನಪು ತುಂಬಿಕೊಡುತ್ತದೆ, ಕೊರತೆ ಕಾಣುವುದಿಲ್ಲ. ಅದೇ ಕೊರತೆ ಬೇರೆಯವರ ಕತೆಯಲ್ಲಿದ್ದರೆ ಕಣ್ಣಿಗೆ ಚುಚ್ಚುತ್ತದೆ. ನಾಲ್ಕು ಜನರಲ್ಲಿ ಅದನ್ನು ಗುರುತಿಸಿದ ಕಣ್ಣು ಐದನೆಯ ಸಲ ತನ್ನ ಪುಟದಲ್ಲೂ ಹಿಡಿಯುತ್ತದೆ.

ಒಂದೊಂದು ಹಸ್ತಪ್ರತಿಯನ್ನು ಎರಡು ಸಲ ಓದಿ. ಮೊದಲ ಓದಿನಲ್ಲಿ ಪೆನ್ನು ದೂರ ಇರಲಿ. ಎರಡನೆಯದರಲ್ಲಿ ಅಂಚಿನಲ್ಲಿ ಗುರುತು ಹಾಕಿ. ಆಮೇಲೆ ಅರ್ಧ ಪುಟ ಬರೆಯಿರಿ: ಈ ಕತೆ ಏನು ಮಾಡಲು ಹೊರಟಂತಿದೆ, ಯಾವ ಸಾಲಿನಲ್ಲಿ ಅದು ಸಾಧಿಸಿತು, ಎಲ್ಲಿ ನನ್ನ ಕೈ ಬಿಟ್ಟಿತು. ಮೊದಲ ಭಾಗವನ್ನು ಬಿಡಬೇಡಿ. ‘ಇದು ಅಣ್ಣ ತಂಗಿಯರ ಅಸೂಯೆಯ ಕತೆ ಎಂದು ಓದಿದೆ’ ಎಂದು ನೀವು ಬರೆದರೆ, ತಂದೆಯ ಒಂಟಿತನದ ಕತೆ ಬರೆದೆನೆಂದು ನಂಬಿದ್ದ ಲೇಖಕರಿಗೆ ಅದಕ್ಕಿಂತ ದೊಡ್ಡ ಉಪಕಾರ ಇನ್ನಾವುದೂ ಇಲ್ಲ. ಒಂದು ಹಸ್ತಪ್ರತಿಗೆ 50 ನಿಮಿಷ ಹಿಡಿದರೆ ಒಂಬತ್ತಕ್ಕೆ ಏಳೂವರೆ ಗಂಟೆ. ಹೋಗುವ ಮುಂಚಿನ ಒಂದು ವಾರದಲ್ಲಿ ದಿನಕ್ಕೊಂದೋ ಎರಡೋ ಎಂದು ಹಂಚಿಕೊಳ್ಳಿ. ಪ್ರಯಾಣದಲ್ಲಿ ಓದಿಬಿಡುತ್ತೇನೆಂದು ಇಟ್ಟುಕೊಂಡದ್ದು ಸಾಮಾನ್ಯವಾಗಿ ಓದದೆ ಉಳಿಯುತ್ತದೆ. ಆ ಪ್ರತಿಗಳನ್ನು ಹೊರಗಿನವರಿಗೆ ಕಳಿಸಬೇಡಿ, ಸಾಲುಗಳ ಚಿತ್ರ ತೆಗೆದು ಹಂಚಬೇಡಿ. ಇನ್ನೂ ಹುಟ್ಟದ ಕತೆಗಳು ಅವು.

ಚರ್ಚೆ ಹೇಗೆ ನಡೆಯುತ್ತದೆ ಎಂಬುದಕ್ಕೆ ಕೆಲವು ಹೆಸರಾಂತ ಪದ್ಧತಿಗಳಿವೆ. 1936ರಲ್ಲಿ ಶುರುವಾದ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬರಹಗಾರರ ಕಮ್ಮಟದ ಜೊತೆ ಗುರುತಾಗಿರುವ ಮಾದರಿಯಲ್ಲಿ ಲೇಖಕರು ಬಾಯಿಬಿಡುವಂತಿಲ್ಲ, ಉಳಿದವರು ಮಾತಾಡುತ್ತಾರೆ. ವೈಜ್ಞಾನಿಕ ಕಥಾಸಾಹಿತ್ಯದ ಲೇಖಕರು 1956ರಲ್ಲಿ ಆರಂಭಿಸಿದ ಮಿಲ್ಫರ್ಡ್ ಪದ್ಧತಿಯಲ್ಲಿ ಎಲ್ಲರೂ ದುಂಡಗೆ ಕೂತು ಸರದಿಯ ಮೇಲೆ ಒಬ್ಬೊಬ್ಬರೇ ಮಾತಾಡುತ್ತಾರೆ, ನಡುವೆ ಯಾರೂ ಬಾಯಿ ಹಾಕುವುದಿಲ್ಲ, ಲೇಖಕರಿಗೆ ಕೊನೆಯಲ್ಲಿ ಅವಕಾಶ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ 1990ರಲ್ಲಿ ರೂಪಿಸಿದ ಕ್ರಮ ಇವಕ್ಕಿಂತ ಬೇರೆ. ಅದಕ್ಕೆ ನಾಲ್ಕು ಹಂತ: ಕೃತಿಯಲ್ಲಿ ಏನು ತಟ್ಟಿತು ಎಂದು ನೋಡಿದವರು ಹೇಳುವುದು, ಕಲಾವಿದರು ಪ್ರಶ್ನೆ ಕೇಳುವುದು, ನೋಡಿದವರು ತಮ್ಮ ಅಭಿಪ್ರಾಯ ಬೆರೆಸದೆ ಪ್ರಶ್ನೆ ಕೇಳುವುದು, ಕೊನೆಗೆ ಕಲಾವಿದರ ಅನುಮತಿ ಪಡೆದು ಅಭಿಪ್ರಾಯ ಹೇಳುವುದು.

ಲೇಖಕರು ಸುಮ್ಮನಿರುವ ನಿಯಮಕ್ಕೆ ಬಲವಾದ ಕಾರಣವಿದೆ. ಅಚ್ಚಾದ ಕತೆಯ ಹಿಂದೆ ನಿಂತು ‘ಅದು ಹಾಗಲ್ಲ’ ಎಂದು ವಿವರಿಸಲು ನೀವು ಇರುವುದಿಲ್ಲ. ಬಾಯಿ ಬಿಟ್ಟೊಡನೆ ಓದುಗರು ಕತೆಯನ್ನು ಬಿಟ್ಟು ನಿಮ್ಮ ವಿವರಣೆಗೆ ಉತ್ತರ ಕೊಡತೊಡಗುತ್ತಾರೆ, ಅಲ್ಲಿಗೆ ಓದಿನ ಪುರಾವೆ ಕಲುಷಿತವಾಯಿತು. ಆದರೆ ಇದರಲ್ಲಿ ಒಂದು ದೋಷವೂ ಇದೆ. ಒಂದು ಆಡುನುಡಿಯ ಪದವನ್ನೋ, ಒಂದು ಸಮುದಾಯದ ಸಂಬಂಧವನ್ನೋ ಎಲ್ಲರೂ ತಪ್ಪು ತಿಳಿದರೆ ಆ ತಪ್ಪಿನ ಸುತ್ತಲೇ ಇಪ್ಪತ್ತು ನಿಮಿಷ ಸುತ್ತುತ್ತಾರೆ. ಆದ್ದರಿಂದ ‘ಶುದ್ಧ ಮಾಹಿತಿಯ ತಪ್ಪಿದ್ದರೆ ಒಂದು ವಾಕ್ಯ ಹೇಳಲು ಬಿಡಿ’ ಎಂದು ನಡೆಸುವವರನ್ನು ಮೊದಲೇ ಕೇಳಿಕೊಳ್ಳಿ. ಅಷ್ಟನ್ನು ಒಪ್ಪದವರು ಅಪರೂಪ. ಇನ್ನೊಂದು ಕೋರಿಕೆಯೂ ಇರಲಿ: ಮಾತು ಶುರುವಾಗುವ ಮುಂಚೆ ಎಲ್ಲರೂ ಎರಡು ಸಾಲು ಬರೆದುಕೊಳ್ಳಲಿ. ಮೊದಲು ಮಾತಾಡಿದವರು ಎಳೆದ ದಾರಿಯಲ್ಲೇ ಉಳಿದವರು ನಡೆಯುವುದು ಗುಂಪಿನ ಸ್ವಭಾವ. ಗಟ್ಟಿ ದನಿಯ ಒಬ್ಬರು ‘ಅಂತ್ಯ ಸರಿಯಿಲ್ಲ’ ಎಂದರೆ, ಅಂತ್ಯ ಇಷ್ಟಪಟ್ಟಿದ್ದ ಮೂವರು ಸುಮ್ಮನಾಗುತ್ತಾರೆ. ಬರೆದದ್ದು ಕೈಯಲ್ಲಿದ್ದರೆ ಅವರು ತಮ್ಮ ಮಾತು ಬಿಟ್ಟುಕೊಡುವುದಿಲ್ಲ.

ನಿಮ್ಮ ಸರದಿಯಲ್ಲಿ ಪುಟವನ್ನು ಮೂರು ಕಂಬ ಮಾಡಿ: ಯಾರು, ಎಲ್ಲಿ, ಏನಂದರು. ಅವರ ಮಾತಿನಲ್ಲೇ ಬರೆದುಕೊಳ್ಳಿ. ‘ತಾಯಿ ಪಾತ್ರದ ಬಗ್ಗೆ ಟೀಕೆ’ ಎಂದು ಬರೆದರೆ ಆಮೇಲೆ ಉಪಯೋಗವಿಲ್ಲ. ‘ಪುಟ 3, ತಾಯಿ ನಕ್ಕದ್ದೇಕೆ ಗೊತ್ತಾಗಲಿಲ್ಲ, ಹಿಂದೆ ಹೋಗಿ ಓದಿದೆ’ ಎಂದಿದ್ದರೆ ತಿಂಗಳ ನಂತರವೂ ಜೀವ ಇರುತ್ತದೆ. ಕೈ ಬರೆಯುತ್ತಿದ್ದರೆ ವಾದಿಸುವ ಚಪಲವೂ ತಗ್ಗುತ್ತದೆ. ಹೊಗಳಿಕೆಯನ್ನೂ ಜಾಗದ ಸಮೇತ ಬರೆದುಕೊಳ್ಳಿ, ತಿದ್ದುವ ಭರದಲ್ಲಿ ಒಳ್ಳೆಯ ಸಾಲುಗಳನ್ನೇ ಕಿತ್ತುಹಾಕುವುದು ಬಹಳ ಸಾಮಾನ್ಯ. ಆ ರಾತ್ರಿಯೇ ಕೂತು ತಿದ್ದಲು ಹೋಗಬೇಡಿ. ಕಿವಿಯಲ್ಲಿ ಇನ್ನೂ ಬೇರೆಯವರ ದನಿ ಇರುತ್ತದೆ.

ಬರೆಸುವ ಅಭ್ಯಾಸಗಳು ಬಂದಾಗ ಚೆಂದದ ತುಣುಕು ಬರೆದು ಓದಿ ಮೆಚ್ಚುಗೆ ಪಡೆಯುವ ಆಸೆ ಬೇಡ. ಹದಿನೈದು ನಿಮಿಷದ ಅಭ್ಯಾಸ ಒಂದು ಸ್ನಾಯುವಿನ ವ್ಯಾಯಾಮ. ಕಟ್ಟುಪಾಡೇ ಬರವಣಿಗೆಯನ್ನು ಹೊರಡಿಸುತ್ತದೆ ಎಂಬ ನಂಬಿಕೆಯ ಮೇಲೆ 1960ರಲ್ಲಿ ಪ್ಯಾರಿಸಿನಲ್ಲಿ ಊಲಿಪೊ ಎಂಬ ಗುಂಪೇ ಹುಟ್ಟಿತು. ರೇಮೋ ಕೆನೊ, ಫ್ರಾನ್ಸ್ವಾ ಲ ಲಿಯೊನೆ ಅದರ ಸ್ಥಾಪಕರು, ಸಾಹಿತಿಗಳೂ ಗಣಿತಜ್ಞರೂ ಅದರಲ್ಲಿದ್ದರು. ಕನ್ನಡದಲ್ಲಿ ಬರೆಯುವವರಿಗೆ ಎರಡು ಅಭ್ಯಾಸಗಳು ವಿಶೇಷವಾಗಿ ಫಲ ಕೊಡುತ್ತವೆ. ‘ಎಂದ’, ‘ಎಂದಳು’ ಒಮ್ಮೆಯೂ ಬಾರದಂತೆ ಮೂವರ ಸಂಭಾಷಣೆ ಬರೆಯುವುದು ಒಂದು. ಮಾತಿನಲ್ಲೇ ಯಾರು ಯಾರೆಂದು ತಿಳಿಯಬೇಕು. ಇಬ್ಬರ ಮಾತಿನ ನಡುವೆ ಒಂದೇ ಕಡೆ ‘ನೀನು’ ಹೋಗಿ ‘ನೀವು’ ಬರುವುದು ಇನ್ನೊಂದು. ಆ ಒಂದು ಪದದಿಂದ ಸಂಬಂಧ ಮುರಿದದ್ದು ಕಾಣಬೇಕು, ವಿವರಣೆ ಇರಕೂಡದು.

ಮನೆಗೆ ಬಂದ ಮೇಲೆ 24 ಗಂಟೆಯೊಳಗೆ ಟಿಪ್ಪಣಿಗಳನ್ನು ಶುದ್ಧಪ್ರತಿ ಮಾಡಿ. ಆಮೇಲೆ ಏಳರಿಂದ ಹತ್ತು ದಿನ ಕತೆ ಮುಟ್ಟಬೇಡಿ. ನಿಮ್ಮ ಹುರುಪು ಕರಗಿದ್ದು ಇಲ್ಲಿಯೇ. ಹಿಂದಿರುಗಿದ ವಾರದ ಉತ್ಸಾಹ ಜೊತೆಗಾರರದ್ದು, ಅದು ಇಳಿಯಲೇಬೇಕು. ಇಳಿದ ಮೇಲೆ ಕೂರಲು ಒಂದು ನಿಶ್ಚಿತ ಕೆಲಸ, ನಿಶ್ಚಿತ ದಿನ ಇಲ್ಲದಿದ್ದರೆ ಕಮ್ಮಟ ನೆನಪಾಗಿ ಉಳಿಯುತ್ತದೆ. ಆದ್ದರಿಂದ ಹೋಗುವ ಮುನ್ನವೇ ಕ್ಯಾಲೆಂಡರಿನಲ್ಲಿ ಹತ್ತನೆಯ ದಿನದ ಮೇಲೆ ಗುರುತು ಹಾಕಿ, ಮುಂದಿನ ನಾಲ್ಕು ವಾರ ವಾರಕ್ಕೆ ಮೂರು ಸಲ ಒಂದೊಂದು ಗಂಟೆ ಈ ಒಂದೇ ಕತೆಗೆ ಮೀಸಲಿಡಿ.

ತಿದ್ದಲು ಕೂತಾಗ ‘ಎಲ್ಲಿ’ ಕಂಬವನ್ನು ಮಾತ್ರ ನೋಡಿ. ಒಂಬತ್ತರಲ್ಲಿ ಮೂವರು ಒಂದೇ ಜಾಗದಲ್ಲಿ ನಿಂತಿದ್ದರೆ, ಮೂವರೂ ಬೇರೆ ಬೇರೆ ಕಾರಣ ಕೊಟ್ಟಿದ್ದರೂ, ಅಲ್ಲಿ ತೊಡಕಿದೆ. ಒಂದು ಉದಾಹರಣೆ ಕಲ್ಪಿಸಿಕೊಳ್ಳಿ. ಅಕ್ಕನಿಂದ ಬಂದ ಪತ್ರವನ್ನು ತಂಗಿ ಒಡೆಯದೆ ಇಟ್ಟುಕೊಂಡು, ಆರನೇ ಪುಟದಲ್ಲಿ ಸುಟ್ಟುಹಾಕುತ್ತಾಳೆ. ಒಬ್ಬರು ‘ಸುಟ್ಟದ್ದಕ್ಕೆ ಕಾರಣ ಹೇಳಿ’ ಅಂದರು. ಇನ್ನೊಬ್ಬರು ‘ಸುಡುವ ದೃಶ್ಯವೇ ನಾಟಕೀಯ, ತೆಗೆಯಿರಿ’. ಮತ್ತೊಬ್ಬರು ‘ಅಲ್ಲಿ ಎಳೆದಂತಾಯಿತು’. ಮೂರನ್ನೂ ಪಾಲಿಸಿದರೆ ಕತೆ ಉಳಿಯದು, ಒಂದನ್ನು ಆರಿಸಿದರೂ ತೊಡಕು ಬಿಡದು. ಹಿಂದಕ್ಕೆ ನಡೆದು ನೋಡಿ: ಎರಡನೇ ಪುಟದಲ್ಲಿ ಅಕ್ಕನನ್ನು ‘ಒರಟು ಹೆಂಗಸು’ ಎಂದಷ್ಟೇ ಪರಿಚಯಿಸಲಾಗಿದೆ. ಆ ಪತ್ರದಲ್ಲಿ ಏನಿದೆಯೋ ಎಂಬ ಆಸೆಯೇ ಓದುಗರಲ್ಲಿ ಹುಟ್ಟಿಲ್ಲ, ಹಾಗಾಗಿ ಅದು ಸುಟ್ಟುಹೋದಾಗ ಏನೂ ಕಳೆದುಕೊಂಡಂತಾಗುವುದಿಲ್ಲ. ಜ್ವರದಲ್ಲಿದ್ದ ತಂಗಿಯ ಜಡೆಯ ಸಿಕ್ಕನ್ನು ಅಕ್ಕ ಬೈಯುತ್ತಲೇ ಒಂದೊಂದಾಗಿ ಬಿಡಿಸಿದ ಐದು ಸಾಲು ಎರಡನೇ ಪುಟಕ್ಕೆ ಬಂದರೆ, ಆರನೇ ಪುಟದ ಒಂದಕ್ಷರವನ್ನೂ ಮುಟ್ಟಬೇಕಿಲ್ಲ. ಓದುಗರು ಎಡವಿದ್ದು ಆರನೇ ಪುಟದಲ್ಲಿ, ಕಲ್ಲು ಇದ್ದದ್ದು ಎರಡರಲ್ಲಿ. ಇದನ್ನು ಹುಡುಕುವುದು ನಿಮ್ಮ ಕೆಲಸ, ಕಮ್ಮಟದ್ದಲ್ಲ.

ಒಬ್ಬರು ಮಾತ್ರ ಹೇಳಿದ್ದು, ಆದರೆ ಕೇಳಿದೊಡನೆ ನಿಮ್ಮ ಎದೆ ಧಸಕ್ಕೆಂದಿದ್ದು ಇದ್ದರೆ ಅದನ್ನೂ ಬಿಡಬೇಡಿ. ಆ ತಪ್ಪು ನಿಮಗೂ ಒಳಗೊಳಗೇ ಗೊತ್ತಿರುತ್ತದೆ. ಇನ್ನುಳಿದವನ್ನು ಬಿಟ್ಟುಬಿಡಿ. ಹಳೆಯ ಕರಡನ್ನು ದಿನಾಂಕ ಹಾಕಿ ಹಾಗೇ ಇಟ್ಟು ಹೊಸ ಪ್ರತಿಯಲ್ಲಿ ಕೆಲಸ ಮಾಡಿ. ಕತೆಯ ರಚನೆಯ ತಿದ್ದುಪಡಿ ಮುಗಿಯುವ ತನಕ ವಾಕ್ಯ ನಯ ಮಾಡಬೇಡಿ, ನಯ ಮಾಡಿದ ವಾಕ್ಯವನ್ನು ತೆಗೆಯಲು ಕೈ ಬರುವುದಿಲ್ಲ. ಮುಗಿದ ಮೇಲೆ ಇಬ್ಬರಿಗೆ ಕೊಡಿ, ಅವರಲ್ಲಿ ಒಬ್ಬರು ಕಮ್ಮಟಕ್ಕೆ ಬಂದಿರದವರಾಗಿರಲಿ. ಹಳೆಯ ಕರಡು ತಲೆಯಲ್ಲಿದ್ದವರು ಹೊಸದನ್ನು ಹೊಸದಾಗಿ ಓದಲಾರರು.

ಸಂಕಿರಣಗಳಿಗೆ ಹೋಗುವುದನ್ನೂ ನಿಲ್ಲಿಸಬೇಡಿ, ಹೋಗುವ ರೀತಿ ಬದಲಿಸಿ. ಚರ್ಚೆಯಾಗಲಿರುವ ಕೃತಿಗಳಲ್ಲಿ ಒಂದನ್ನಾದರೂ ಮೊದಲೇ ಓದಿ. ಎಲ್ಲ ಗೋಷ್ಠಿಯಲ್ಲೂ ಅರೆನಿದ್ದೆಯಲ್ಲಿ ಕೂರುವ ಬದಲು ಎರಡನ್ನು ಆರಿಸಿ ಪೂರ್ತಿ ಎಚ್ಚರದಿಂದ ಕೇಳಿ. ಭಾಷಣಕಾರರು ಓದಿ ತೋರಿಸಿದ ಒಂದು ಪ್ಯಾರಾ ಗುರುತಿಸಿಕೊಂಡು, ಎರಡು ದಿನದೊಳಗೆ ಅದೇ ತಂತ್ರದಲ್ಲಿ ನಿಮ್ಮದೊಂದು ಪ್ಯಾರಾ ಬರೆದು ನೋಡಿ. ಪ್ರಶ್ನೆ ಕೇಳುವುದಿದ್ದರೆ ಒಂದೇ ಪ್ರಶ್ನೆ, ಅರ್ಧ ನಿಮಿಷದಲ್ಲಿ. ಸಂಪಾದಕರು ಸಿಕ್ಕರೆ ಹಸ್ತಪ್ರತಿಯನ್ನು ಕೈಗೆ ತುರುಕದೆ, ಎಷ್ಟು ಉದ್ದದ ಕತೆ ನೋಡುತ್ತಾರೆ, ಯಾವ ರೂಪದಲ್ಲಿ ಕಳಿಸಬೇಕು ಎಂದು ಕೇಳಿ ಬನ್ನಿ.

ಕೊನೆಯದಾಗಿ, ಕಮ್ಮಟದಿಂದ ಕಮ್ಮಟಕ್ಕೆ ಓಡಾಡುವ ಅಭ್ಯಾಸದ ಬಗ್ಗೆ. ಹಾಗೆ ತಿರುಗುವವರ ಕತೆಗಳು ನಿಧಾನವಾಗಿ ಒಂದೇ ಥರ ಆಗುತ್ತವೆ. ಯಾರೂ ಆಕ್ಷೇಪಿಸಲಾರದಂತೆ ನಯವಾಗಿ, ಯಾರಿಗೂ ನೆನಪಿರದಂತೆ. ಗುಂಪು ಆಕ್ಷೇಪಿಸುವುದು ಸಾಮಾನ್ಯವಾಗಿ ವಿಚಿತ್ರವಾದದ್ದನ್ನು, ನಿಮ್ಮ ಸ್ವಂತದ್ದು ಅಡಗಿರುವುದೂ ಹೆಚ್ಚಾಗಿ ಅಲ್ಲೇ. ನಡೆಸುವವರ ಶೈಲಿಯೂ ಗೊತ್ತಿಲ್ಲದಂತೆ ಅಂಟಿಕೊಳ್ಳುತ್ತದೆ. ವರ್ಷಕ್ಕೊಂದು ಕಮ್ಮಟ ಸಾಕು, ಎರಡರ ನಡುವೆ ಕನಿಷ್ಠ ಎರಡು ಕತೆ ಪೂರ್ತಿ ತಿದ್ದಿ ಮುಗಿದಿರಬೇಕು. ಅಷ್ಟಾಗದೆ ಮುಂದಿನದಕ್ಕೆ ಅರ್ಜಿ ಹಾಕಬೇಡಿ. ಬದಲಿಗೆ ಈ ಐದು ದಿನಗಳಲ್ಲಿ ನಿಮ್ಮ ಕತೆಯನ್ನು ಅತಿ ಎಚ್ಚರದಿಂದ ಓದಿದವರು ಯಾರೆಂದು ಗಮನಿಸಿ. ಹೊಗಳಿದವರೇ ಆಗಬೇಕಿಲ್ಲ. ಅಂಥ ಮೂವರೋ ನಾಲ್ವರೋ ಸಿಕ್ಕರೆ ತಿಂಗಳಿಗೊಮ್ಮೆ ಎರಡು ಗಂಟೆ ಕೂರುವ ಒಪ್ಪಂದ ಮಾಡಿಕೊಳ್ಳಿ: ಪ್ರತಿ ಸಲ ಎರಡು ಹಸ್ತಪ್ರತಿ, ಒಂದಕ್ಕೆ 45 ನಿಮಿಷ, ಒಂದು ವಾರ ಮುಂಚೆ ಕಳಿಸದಿದ್ದರೆ ಆ ತಿಂಗಳು ಚರ್ಚೆಯಿಲ್ಲ. ಮೊದಲ ಸಭೆಯ ದಿನಾಂಕವನ್ನು ಸಮಾರೋಪದ ದಿನವೇ, ಎಲ್ಲರೂ ಎದುರೆದುರು ಇರುವಾಗಲೇ ನಿಗದಿ ಮಾಡಿ. ‘ಊರಿಗೆ ಹೋಗಿ ಮಾತಾಡೋಣ’ ಎಂದರೆ ಆ ಸಭೆ ನಡೆಯುವುದಿಲ್ಲ.